ಕ್ರೋಶಾ ಹೆಣಿಗೆ: ಹೊಸಬರಿಗೊಂದು ಸುಲಭ ಉಬ್ಬು ಹೆಣಿಗೆ ಮತ್ತು ಅದರ ಲೆಕ್ಕ

ಬೆಳಗಾವಿ ಜಿಲ್ಲೆ ರಾಯಬಾಗ ತಾಲೂಕಿನ ಚಿಂಚಲಿ, ಮೀರಜ್–ಬೆಳಗಾವಿ ರೈಲು ಮಾರ್ಗದಲ್ಲಿ ಕುಡಚಿಗೂ ರಾಯಬಾಗಕ್ಕೂ ನಡುವೆ ಇರುವ ಊರು. ಮಾಘ ಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಮಾಯಕ್ಕದೇವಿಯ ಜಾತ್ರೆಗೆ ಕರ್ನಾಟಕದ ಹಳ್ಳಿಗಳಿಂದಲೂ ಮಹಾರಾಷ್ಟ್ರದ ಗಡಿ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ಎತ್ತಿನ ಗಾಡಿ ಕಟ್ಟಿಕೊಂಡು ಬರುವವರೂ ಇದ್ದಾರೆ. ಅದೇ ಹೊತ್ತಿಗೆ ಈ ಭಾಗದಲ್ಲಿ ಕಬ್ಬಿನ ಕಟಾವು ಭರದಿಂದ ಸಾಗಿರುತ್ತದೆ. ರೈತ ಮನೆತನದ ಹೆಣ್ಣುಮಕ್ಕಳಿಗೆ ಹಾಲು ಹಿಂಡುವುದು, ಬುತ್ತಿ ಕಟ್ಟುವುದು, ಕಳೆ ತೆಗೆಯುವುದು ಎಂದು ದಿನವೆಲ್ಲ ಕೆಲಸ ಇದ್ದೇ ಇರುತ್ತದೆ. ಆದರೂ ಮಧ್ಯಾಹ್ನದ ಒಂದು ತಾಸು, ಮಳೆ ಹಿಡಿದಾಗ ಒಂದೆರಡು ದಿನ, ಹೀಗೆ ತುಂಡು ತುಂಡಾಗಿ ಬಿಡುವು ಸಿಗುತ್ತದೆ. ಈ ತುಂಡು ಬಿಡುವಿಗೆ ಹೊಂದುವ ಕೈಕೆಲಸಗಳಲ್ಲಿ ಕ್ರೋಶಾ ಹೆಣಿಗೆ ಒಂದು. ಇದಕ್ಕೆ ಮಗ್ಗ ಬೇಡ, ವಿದ್ಯುತ್ ಬೇಡ, ಪ್ರತ್ಯೇಕ ಕೋಣೆ ಬೇಡ. ಕೆಲಸವನ್ನು ನಡುವೆ ಬಿಟ್ಟು ಎದ್ದು ಹೋದರೂ ಕೆಡುವುದಿಲ್ಲ. ಒಂದು ಸೂಜಿ, ಒಂದು ಉಂಡೆ ದಾರ ಇದ್ದರೆ ಸಾಕು.

ಇಷ್ಟು ಸುಲಭವಾದದ್ದರಿಂದಲೇ ಇದರಲ್ಲಿ ಒಂದು ಅಪಾಯವೂ ಇದೆ. ಬಿಡುವಿನ ಕೆಲಸವೆಂಬ ಕಾರಣಕ್ಕೆ ಹೆಣೆದವರ ಹೊತ್ತಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಹೆಣೆದವರೂ ಕಟ್ಟಿಕೊಳ್ಳುವುದಿಲ್ಲ. ಆದುದರಿಂದ ಹೆಣಿಗೆಯನ್ನು ಕಲಿಯುವಾಗಲೇ ಅದರ ಲೆಕ್ಕವನ್ನೂ ಕಲಿಯುವುದು ಅವಶ್ಯ.

ಕ್ರೋಶಾ ಎಂಬುದು ಫ್ರೆಂಚ್ ಭಾಷೆಯಿಂದ ಬಂದ ಹೆಸರು; ಅಲ್ಲಿ ಅದಕ್ಕೆ ಸಣ್ಣ ಕೊಕ್ಕೆ ಎಂದು ಅರ್ಥ. ಈ ಕೆಲಸ ಬಡವರ ಮನೆಗೆ ಬಂದ ಬಗೆಯಲ್ಲಿ ಬೇಸಾಯದ ಕಥೆಯೂ ಸೇರಿದೆ. 1845ರಲ್ಲಿ ಐರ್ಲೆಂಡ್ ದೇಶದ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ಬಿದ್ದಿತು. ಇಂದು ಬೆಳಗಾವಿ, ಹಾಸನ ಕಡೆಯ ಆಲೂಗಡ್ಡೆ ಬೆಳೆಗಾರರು ಮೋಡ ಮುಸುಕಿದ ದಿನಗಳಲ್ಲಿ ಹೆದರುವ ರೋಗವೇ ಅದು. ಆಲೂಗಡ್ಡೆಯೊಂದನ್ನೇ ನಂಬಿದ್ದ ಜನ ಲಕ್ಷಗಟ್ಟಲೆ ಸತ್ತರು, ಲಕ್ಷಗಟ್ಟಲೆ ದೇಶ ಬಿಟ್ಟರು. ಆ ಬರಗಾಲದಲ್ಲಿ ಕ್ರೈಸ್ತ ಸನ್ಯಾಸಿನಿಯರೂ ಇತರರೂ ಹೆಂಗಸರಿಗೆ, ಮಕ್ಕಳಿಗೆ ಕ್ರೋಶಾ ಲೇಸು ಹೆಣೆಯುವುದನ್ನು ಕಲಿಸಿ, ಅದನ್ನು ಮಾರಿಸಿ, ಎಷ್ಟೋ ಮನೆಗಳಲ್ಲಿ ಒಲೆ ಉರಿಯುವಂತೆ ಮಾಡಿದರು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಹೆಸರಾದ ಊರು ಆಂಧ್ರಪ್ರದೇಶದ ಗೋದಾವರಿ ಮುಖಜ ಭೂಮಿಯಲ್ಲಿರುವ ನರಸಾಪುರ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿ ಕುಟುಂಬಗಳವರು ಅಲ್ಲಿಯ ಹೆಂಗಸರಿಗೆ ಇದನ್ನು ಕಲಿಸಿದರು. ಮುಂದೆ ವ್ಯಾಪಾರಿಗಳು ದಾರ ಕೊಟ್ಟು, ಹೆಣೆದ ಲೇಸು ತೆಗೆದುಕೊಂಡು, ಪರದೇಶಕ್ಕೆ ಕಳಿಸತೊಡಗಿದರು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿಯ ಹೆಣ್ಣುಮಕ್ಕಳ ನಡುವೆ ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದ ಪುಸ್ತಕ ಇನ್ನೊಂದು ಮುಖವನ್ನು ತೋರಿಸಿತು. ದಿನಕ್ಕೆ ಹಲವು ತಾಸು ಹೆಣೆಯುತ್ತಿದ್ದ ಆ ಹೆಂಗಸರನ್ನು ಕೂಲಿಕಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಅವರು ಮನೆವಾರ್ತೆಯವರು, ಬಿಡುವಿನಲ್ಲಿ ಏನೋ ಹೆಣೆಯುತ್ತಾರೆ ಎಂಬುದೇ ಎಲ್ಲರ ಮಾತು. ಆ ಒಂದು ಮಾತಿನಿಂದ ಅವರ ಮಜೂರಿ ಹೊಲದ ಕೂಲಿಗಿಂತಲೂ ಕೆಳಗೆ ನಿಂತಿತ್ತು. ನಿಪ್ಪಾಣಿ ಭಾಗದಲ್ಲಿ ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಬೀಡಿ ಕಟ್ಟುವವರೂ ಕಾರ್ಮಿಕರೇ ಎಂದು ಒಪ್ಪಿಕೊಳ್ಳಲು 1966ರ ಕಾಯಿದೆಯೇ ಬರಬೇಕಾಯಿತು. ಕ್ರೋಶಾ ಹೆಣೆಯುವವರ ವಿಷಯದಲ್ಲಿ ಅವರ ಲೆಕ್ಕವನ್ನು ಅವರೇ ಇಡಬೇಕು.

ಬೇಕಾಗುವ ಸಾಮಗ್ರಿ

ಹೊಸದಾಗಿ ಕಲಿಯುವವರು ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಿಂದ ಆರಂಭಿಸುವುದು ಒಳ್ಳೆಯದು. ಅದು ಚೌಕಾಕಾರದ್ದು, ಚಿಕ್ಕದು, ಅಂಕುಡೊಂಕಾದರೂ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬಂದೇ ಬರುತ್ತದೆ. ಬಾಗಿಲ ತೋರಣ, ಮೇಜಿನ ಹಾಸುಗಳನ್ನು ಆಮೇಲೆ ನೋಡಿಕೊಳ್ಳಬಹುದು.

ದಾರದ ಆಯ್ಕೆಯಲ್ಲಿ ಎಚ್ಚರ ಬೇಕು. ಪೇಟೆಯಲ್ಲಿ "ಉಲನ್" ಎಂದು ಕೇಳಿದರೆ ಕೊಡುವ ಬಣ್ಣಬಣ್ಣದ ಉಂಡೆಗಳಲ್ಲಿ ಬಹುಪಾಲು ಉಣ್ಣೆಯೇ ಅಲ್ಲ, ಅಕ್ರಿಲಿಕ್ ಎಂಬ ಕೃತಕ ಎಳೆ. ಅದು ಅಗ್ಗ, ನೋಡಲಿಕ್ಕೂ ಚೆಂದ. ಆದರೆ ಬಿಸಿ ತಾಗಿದರೆ ಕರಗಿ ಕೈಗೆ ಅಂಟಿಕೊಳ್ಳುತ್ತದೆ. ಮಸಿಬಟ್ಟೆಗೆ ಅದನ್ನು ಎಂದೂ ಬಳಸಬಾರದು. ಸಂದೇಹ ಬಂದರೆ ಒಂದು ತುಂಡು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ; ಕೃತಕ ಎಳೆಯಾದರೆ ಕರಗಿ ಗಟ್ಟಿ ಕರಿಮಣಿಯಾಗುತ್ತದೆ. ಚಿಂಚಲಿ ಜಾತ್ರೆಗೆ ಬರುವ ಕುರುಬರ, ಧನಗರರ ಕುರಿಗಳಿಂದ ಸಿಗುವ ದಖನಿ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು. ಆದರೆ ಅದು ಒರಟು, ನೂಲು ಸಮನಾಗಿರುವುದಿಲ್ಲ. ಕಲಿಯುವವರ ಕೈಗೆ ಅದು ಕಷ್ಟ.

ಆದುದರಿಂದ ಹಲವು ಎಳೆ ಸೇರಿಸಿ ಹುರಿ ಮಾಡಿದ ದಪ್ಪ ಹತ್ತಿ ದಾರವನ್ನೇ ಕೊಳ್ಳಬೇಕು. ತಿಳಿ ಬಣ್ಣದ ದಾರವಾದರೆ ಹೊಲಿಗೆಗಳು ಎದ್ದು ಕಾಣುತ್ತವೆ. ಕಪ್ಪು, ಕಡುನೀಲಿ ಬಣ್ಣಗಳಲ್ಲಿ ಹೊಲಿಗೆ ಹುಡುಕಿ ಕಣ್ಣು ನೋಯುತ್ತದೆ. ದಾರದ ನಂಬರು ಹೆಚ್ಚಾದಷ್ಟೂ ದಾರ ಸಣ್ಣದಾಗುತ್ತದೆ ಎಂಬುದು ನೆನಪಿರಲಿ. ಗೋಕಾಕ ಜಲಪಾತದ ಬಳಿ 1880ರ ದಶಕದಲ್ಲಿ ಆರಂಭವಾದ ನೂಲಿನ ಗಿರಣಿಯ ಕಾಲದಿಂದಲೂ ಈ ಭಾಗದವರಿಗೆ ಹತ್ತಿನೂಲು ಹೊಸದಲ್ಲ. ಮಗ್ಗದ ಸಣ್ಣ ನೂಲು ಮನೆಯಲ್ಲಿದ್ದರೆ ಐದಾರು ಎಳೆ ಜೋಡಿಸಿ ಹೆಣೆಯಲೂಬಹುದು. ಆದರೆ ಹುರಿಯಿಲ್ಲದ ಎಳೆಗಳ ನಡುವೆ ಕೊಕ್ಕೆ ಸಿಕ್ಕಿ ಒಂದೆರಡು ಎಳೆ ಬಿಟ್ಟುಹೋಗುತ್ತವೆ. ಕೈ ಕುದುರಿದ ಮೇಲೆ ಅದನ್ನು ಪ್ರಯತ್ನಿಸಬಹುದು.

ಸೂಜಿ 4 ಮಿ.ಮೀ. ದಪ್ಪದ ಅಲ್ಯುಮಿನಿಯಂ ಕೊಕ್ಕೆಸೂಜಿಯಾದರೆ ದಪ್ಪ ಹತ್ತಿ ದಾರಕ್ಕೆ ಸರಿಹೋಗುತ್ತದೆ. ಲೇಸಿಗೆ ಬಳಸುವ ಸಣ್ಣ ಉಕ್ಕಿನ ಸೂಜಿ ಇದಕ್ಕೆ ಬೇಡ. ಇವುಗಳ ಜೊತೆಗೆ ಒಂದು ಕತ್ತರಿ, ದೊಡ್ಡ ಕಣ್ಣಿನ ದಬ್ಬಣದಂಥ ಸೂಜಿ, ಅಳತೆ ಪಟ್ಟಿ ಮತ್ತು ಒಂದು ನೋಟುಬುಕ್ಕು ಇರಬೇಕು. ನೋಟುಬುಕ್ಕು ಯಾಕೆಂಬುದು ಮುಂದೆ ತಿಳಿಯುತ್ತದೆ.

ಸರಪಣಿ, ಗಿಡ್ಡ ಕಂಬ, ಉದ್ದ ಕಂಬ

ಕ್ರೋಶಾದಲ್ಲಿ ನೂರಾರು ನಮೂನೆಗಳಿದ್ದರೂ ಈ ಉಬ್ಬು ಹೆಣಿಗೆಗೆ ಮೂರೇ ಹೊಲಿಗೆ ಗೊತ್ತಿದ್ದರೆ ಸಾಕು. ಅವುಗಳನ್ನು ಇಲ್ಲಿ ಸರಪಣಿ, ಗಿಡ್ಡ ಕಂಬ, ಉದ್ದ ಕಂಬ ಎಂದು ಕರೆಯಲಾಗಿದೆ. ಗಡಿಭಾಗದಲ್ಲಿ ಮರಾಠಿ ಬಲ್ಲವರು ಇವನ್ನೇ ಸಾಖಳಿ, ಮುಕಾ ಖಾಂಬ, ಖಾಂಬ ಎನ್ನುತ್ತಾರೆ. ಇಂಗ್ಲಿಷ್ ಪುಸ್ತಕ ಅಥವಾ ಮೊಬೈಲಿನ ವಿಡಿಯೋ ನೋಡಿ ಕಲಿಯುವವರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. "ಡಬಲ್ ಕ್ರೋಶೆ" ಎಂದರೆ ಬ್ರಿಟಿಷರಿಗೆ ಗಿಡ್ಡ ಕಂಬ, ಅಮೆರಿಕದವರಿಗೆ ಉದ್ದ ಕಂಬ. ಇದು ತಿಳಿಯದೆ ಹೆಣೆದದ್ದನ್ನೆಲ್ಲ ಬಿಚ್ಚಿದವರು ಬಹಳ ಮಂದಿ.

ದಾರದ ತುದಿಯಿಂದ ಒಂದು ಗೇಣು ಬಿಟ್ಟು ಜಾರುಗಂಟು ಹಾಕಿ, ಅದರ ಕುಣಿಕೆಯನ್ನು ಸೂಜಿಗೆ ಏರಿಸಬೇಕು. ಬಲಗೈಯಲ್ಲಿ ಸೂಜಿಯನ್ನು ಪೆನ್ಸಿಲಿನಂತಾಗಲಿ ಚಾಕುವಿನಂತಾಗಲಿ ಅನುಕೂಲವಾದ ಹಾಗೆ ಹಿಡಿಯಬಹುದು. ಉಂಡೆಯಿಂದ ಬರುವ ದಾರವನ್ನು ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಹಾಕಿ ತೋರುಬೆರಳ ಮೇಲಿಂದ ತಂದರೆ ದಾರ ಹದವಾಗಿ ಬಿಗಿಯಾಗಿ ಹರಿಯುತ್ತದೆ. ಎಡಚರು ಇದನ್ನೆಲ್ಲ ತಿರುಗಾಮುರುಗಾ ಮಾಡಬೇಕು. ಕಲಿಸುವವರ ಪಕ್ಕದಲ್ಲಿ ಕೂರುವ ಬದಲು ಎದುರಿಗೆ ಕುಳಿತರೆ ಕನ್ನಡಿ ನೋಡಿದಂತೆ ಕಲಿಯಬಹುದು.

ಸೂಜಿಯ ಕೊಕ್ಕೆಗೆ ದಾರ ಸಿಕ್ಕಿಸಿ, ಸೂಜಿಯ ಮೇಲಿರುವ ಕುಣಿಕೆಯೊಳಗಿಂದ ಹೊರಗೆಳೆದರೆ ಒಂದು ಸರಪಣಿಯಾಯಿತು. ಹೀಗೆ ಸಾಲಾಗಿ ಎಳೆಯುತ್ತ ಹೋದರೆ ಸರಪಣಿ ಬೆಳೆಯುತ್ತದೆ. ಹೊಸಬರು ಇಲ್ಲಿ ದಾರವನ್ನು ಬಿಗಿಯಾಗಿ ಎಳೆಯುತ್ತಾರೆ. ಮುಂದೆ ಸೂಜಿ ಒಳಗೆ ಹೋಗುವುದೇ ಇಲ್ಲ. ಒಂದು ದಿನವೆಲ್ಲ ಸರಪಣಿಯನ್ನೇ ಹಾಕಿ ಬಿಚ್ಚಿದರೂ ನಷ್ಟವಿಲ್ಲ. ಕೈ ಒಂದೇ ಹದಕ್ಕೆ ಬರುವುದು ಅದರಿಂದಲೇ.

ಗಿಡ್ಡ ಕಂಬಕ್ಕೆ ಸೂಜಿಯನ್ನು ಕೆಳಗಿನ ಹೊಲಿಗೆಯೊಳಗೆ ತೂರಿಸಿ, ದಾರ ಸಿಕ್ಕಿಸಿ ಹೊರಗೆ ತರಬೇಕು. ಆಗ ಸೂಜಿಯ ಮೇಲೆ ಎರಡು ಕುಣಿಕೆ ಇರುತ್ತವೆ. ಮತ್ತೊಮ್ಮೆ ದಾರ ಸಿಕ್ಕಿಸಿ ಎರಡರೊಳಗಿಂದಲೂ ಒಟ್ಟಿಗೆ ಎಳೆಯಬೇಕು.

ಉದ್ದ ಕಂಬಕ್ಕೆ ಮೊದಲೇ ಸೂಜಿಗೆ ದಾರವನ್ನು ಒಂದು ಸುತ್ತು ಸುತ್ತಿಕೊಂಡು, ಆಮೇಲೆ ಹೊಲಿಗೆಯೊಳಗೆ ತೂರಿಸಿ ದಾರ ತರಬೇಕು. ಆಗ ಮೂರು ಕುಣಿಕೆ ಇರುತ್ತವೆ. ದಾರ ಸಿಕ್ಕಿಸಿ ಎರಡರೊಳಗಿಂದ ಎಳೆಯಬೇಕು. ಇನ್ನೂ ಎರಡು ಉಳಿಯುತ್ತವೆ. ಮತ್ತೆ ದಾರ ಸಿಕ್ಕಿಸಿ ಆ ಎರಡರೊಳಗಿಂದ ಎಳೆದರೆ ಉದ್ದ ಕಂಬ ಮುಗಿಯಿತು. ಇದು ಗಿಡ್ಡ ಕಂಬದ ಸುಮಾರು ಎರಡು ಪಟ್ಟು ಎತ್ತರ ಇರುತ್ತದೆ.

ಉಬ್ಬು ಹೆಣಿಗೆಯ ಕ್ರಮ

ಮೊದಲ ಸಾಲಿಗೆ 20 ಹೊಲಿಗೆ ಬೇಕು. ಅದಕ್ಕೆ 21 ಸರಪಣಿ ಹಾಕಬೇಕು. ಹೆಚ್ಚಿನ ಒಂದು, ತಿರುಗಲಿಕ್ಕೆ. ಸೂಜಿಯ ಮೇಲಿರುವ ಕುಣಿಕೆಯನ್ನು ಎಣಿಕೆಗೆ ಹಿಡಿಯಬಾರದು. ಸೂಜಿಯಿಂದ ಎರಡನೆಯ ಸರಪಣಿಯಲ್ಲಿ ಒಂದು ಗಿಡ್ಡ ಕಂಬ, ಅದರ ಮುಂದಿನದರಲ್ಲಿ ಒಂದು ಉದ್ದ ಕಂಬ, ಮತ್ತೆ ಗಿಡ್ಡ, ಮತ್ತೆ ಉದ್ದ, ಹೀಗೆ ಸಾಲು ಮುಗಿಯುವವರೆಗೆ ಹೆಣೆಯಬೇಕು. ಎಣಿಕೆ ಸರಿಯಿದ್ದರೆ ಸಾಲಿನ ಕೊನೆಯ ಹೊಲಿಗೆ ಉದ್ದ ಕಂಬವೇ ಆಗಿರುತ್ತದೆ.

ಈಗ ಒಂದು ಸರಪಣಿ ಹಾಕಿ ಬಟ್ಟೆಯನ್ನು ತಿರುಗಿಸಬೇಕು. ಕೈಗೆ ಎದುರಾಗುವ ಮೊದಲ ಹೊಲಿಗೆ, ಹಿಂದಿನ ಸಾಲಿನಲ್ಲಿ ಕೊನೆಗೆ ಹಾಕಿದ ಉದ್ದ ಕಂಬ. ಅದರ ತಲೆಯ ಮೇಲೆ ಗಿಡ್ಡ ಕಂಬ ಹಾಕಬೇಕು. ಮುಂದೆ ಬರುವುದು ಗಿಡ್ಡ ಕಂಬ. ಅದರ ಮೇಲೆ ಉದ್ದ ಕಂಬ. ಉದ್ದದ ಮೇಲೆ ಗಿಡ್ಡ, ಗಿಡ್ಡದ ಮೇಲೆ ಉದ್ದ: ಈ ನಮೂನೆಯ ಸೂತ್ರ ಇಷ್ಟೇ. ಪ್ರತಿ ಸಾಲೂ ಗಿಡ್ಡದಿಂದ ಆರಂಭವಾಗಿ ಉದ್ದದಲ್ಲಿ ಮುಗಿಯುತ್ತದೆ. ಬಲ ಎಡ ಎಂಬ ಭೇದವಿಲ್ಲ, ಬಟ್ಟೆಯ ಎರಡು ಮೈಯೂ ಒಂದೇ ತೆರನಾಗಿ ಕಾಣುತ್ತವೆ. ನಾಲ್ಕೈದು ಸಾಲು ಆದ ಮೇಲೆ ನಮೂನೆ ಕಣ್ಣಿಗೆ ಕಾಣತೊಡಗುತ್ತದೆ. ಆಮೇಲೆ ಸೂತ್ರವನ್ನು ನೆನಪಿಡುವುದೂ ಬೇಡ, ಕೆಳಗೆ ಏನಿದೆ ಎಂದು ನೋಡಿದರೆ ಮೇಲೆ ಏನು ಹಾಕಬೇಕೆಂಬುದು ತಾನೇ ತಿಳಿಯುತ್ತದೆ.

ಉಬ್ಬು ಹೇಗೆ ಬರುತ್ತದೆ ಎಂಬುದು ಹಲವರಿಗೆ ಸೋಜಿಗ. ಉದ್ದ ಕಂಬ ನೆಟ್ಟಗೆ ನಿಲ್ಲಲು ಅದರ ಎತ್ತರಕ್ಕೆ ತಕ್ಕಷ್ಟು ಜಾಗ ಬೇಕು. ಆದರೆ ಅದರ ಎರಡೂ ಪಕ್ಕದಲ್ಲಿ ಗಿಡ್ಡ ಕಂಬಗಳು ಕುಳಿತು ಸಾಲನ್ನು ಕೆಳಗೆ ಹಿಡಿದಿರುತ್ತವೆ. ಜಾಗ ಸಾಲದ ಉದ್ದ ಕಂಬ ಬಾಗಿ ಮುಂದಕ್ಕೋ ಹಿಂದಕ್ಕೋ ಗುಬ್ಬಿಯಾಗಿ ಉಬ್ಬುತ್ತದೆ. ಮುಂದಿನ ಸಾಲಿನಲ್ಲಿ ಈ ಉಬ್ಬು ಒಂದು ಮನೆ ಸರಿಯುವುದರಿಂದ ಬಟ್ಟೆಯೆಲ್ಲ ಕಾಳು ಹರವಿದಂತೆ ಕಾಣುತ್ತದೆ. ನಿಂಬೆಯ ಸಿಪ್ಪೆಯನ್ನು ಹೋಲುತ್ತದೆಂದು ಇಂಗ್ಲಿಷಿನವರು ಇದಕ್ಕೆ ಅದರ ಹೆಸರನ್ನೇ ಇಟ್ಟಿದ್ದಾರೆ. ಉಬ್ಬುಗಳ ನಡುವೆ ಗಾಳಿ ನಿಲ್ಲುತ್ತದೆ; ಬಿಸಿಯನ್ನು ತಡೆಯುವುದು ಮುಖ್ಯವಾಗಿ ಆ ಗಾಳಿಯೇ. ಬಟ್ಟೆ ಒದ್ದೆಯಾದರೆ ಗಾಳಿಯ ಜಾಗದಲ್ಲಿ ನೀರು ಸೇರಿ ಬಿಸಿ ಥಟ್ಟನೆ ಕೈಗೆ ದಾಟುತ್ತದೆ. ಎಷ್ಟೇ ದಪ್ಪದ್ದಾದರೂ ಒದ್ದೆ ಮಸಿಬಟ್ಟೆಯಿಂದ ಪಾತ್ರೆ ಇಳಿಸಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

"ವೈನೀ, ಅರಿವಿ ಮ್ಯಾಲ ಹೋದಂಗ ಸಣ್ಣ ಆಗಾಕತ್ತೈತಿ ನೋಡ್ರಿ" ಎಂಬುದು ಕಲಿಯುವವರಿಂದ ಮೊದಲು ಬರುವ ದೂರು. ಬಟ್ಟೆ ಚೌಕವಾಗುವ ಬದಲು ಮೊರದ ಆಕಾರ ತಾಳುತ್ತದೆ. ಇದಕ್ಕೆ ಕಾರಣ ಬಹುತೇಕ ಒಂದೇ: ಸಾಲಿನ ಕೊನೆಯ ಹೊಲಿಗೆ ತಪ್ಪಿಹೋಗಿರುತ್ತದೆ. ಆ ಕೊನೆಯ ಹೊಲಿಗೆ, ಹಿಂದಿನ ಸಾಲಿನ ಮೊದಲ ಗಿಡ್ಡ ಕಂಬ. ಅದು ಅಂಚಿನಲ್ಲಿ, ತಿರುಗುವಾಗ ಹಾಕಿದ ಸರಪಣಿಯ ಮಗ್ಗುಲಲ್ಲಿ ಅಡಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ಅಗಲವಾಗುತ್ತ ಹೋದರೆ ತಿರುಗುವ ಸರಪಣಿಯೊಳಗೇ ಒಂದು ಹೊಲಿಗೆ ಹಾಕಿರುತ್ತಾರೆ. ಮೊದಲ ಹತ್ತು ಸಾಲುಗಳಲ್ಲಿ ಪ್ರತಿ ಸಾಲು ಮುಗಿದೊಡನೆ ಎಣಿಸುವುದೇ ಇದಕ್ಕೆ ಉಪಾಯ. ಪ್ರತಿ ಸಾಲಿನ ಮೊದಲ ಗಿಡ್ಡ ಕಂಬಕ್ಕೆ ಬೇರೆ ಬಣ್ಣದ ಚಿಕ್ಕ ದಾರ ಕಟ್ಟಿಟ್ಟರೆ ತಿರುಗಿ ಬಂದಾಗ ಅದು ತಪ್ಪುವುದಿಲ್ಲ.

ಇನ್ನೊಂದು ತಪ್ಪನ್ನು ಗುರುತಿಸುವುದು ಸುಲಭ. ಉಬ್ಬು ಚದುರಿ ಬರುವ ಬದಲು ನೆಟ್ಟಗೆ ಸಾಲುಗಟ್ಟಿ, ಬಟ್ಟೆ ನಿರಿಗೆ ನಿರಿಗೆಯಾಗಿ ಮುದುಡಿದರೆ ಗಿಡ್ಡದ ಮೇಲೆ ಗಿಡ್ಡ, ಉದ್ದದ ಮೇಲೆ ಉದ್ದ ಬಿದ್ದಿದೆ ಎಂದರ್ಥ. ಆಗ ಹೊಲಿಗೆಗಳ ಸಂಖ್ಯೆ 19 ಅಥವಾ 21 ಆಗಿರುತ್ತದೆ. ಈ ನಮೂನೆಗೆ ಯಾವಾಗಲೂ ಸರಿಸಂಖ್ಯೆಯೇ ಬೇಕು, ಬೆಸ ಸಂಖ್ಯೆ ಬಂದರೆ ನಮೂನೆ ಕೆಟ್ಟಿತು. ತಪ್ಪಾದ ಸಾಲಿನವರೆಗೆ ಬಿಚ್ಚಿ ಮತ್ತೆ ಹೆಣೆಯಬೇಕು. ಬಿಚ್ಚಲು ಬೇಸರಪಡಬಾರದು. ಬಿತ್ತಿದ್ದು ಹುಟ್ಟದಿದ್ದರೆ ಬೀಜದ ದುಡ್ಡು ಹೋಯಿತು. ಇಲ್ಲಿ ಎಳೆದರೆ ದಾರ ಇದ್ದ ಹಾಗೇ ಕೈಗೆ ಬರುತ್ತದೆ.

ಬಟ್ಟೆಯ ಕೆಳ ಅಂಚು ಮಾತ್ರ ಬಿಗಿದು ಮುದುಡಿದ್ದರೆ ಆರಂಭದ ಸರಪಣಿ ಬಿಗಿಯಾಗಿದೆ. ಸರಪಣಿಯನ್ನಷ್ಟೇ ಒಂದು ಅಳತೆ ದಪ್ಪನೆಯ ಸೂಜಿಯಲ್ಲಿ ಹಾಕಿ, ಉಳಿದದ್ದನ್ನು ಮೊದಲಿನ ಸೂಜಿಯಲ್ಲಿ ಹೆಣೆದರೆ ಸರಿಹೋಗುತ್ತದೆ.

ಮಾದರಿ ತುಂಡು

ಈಗ ಹೇಳುವ ಭಾಗವನ್ನು ಹೆಣಿಗೆ ಕಲಿಸುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಊರಿನ ಜೋಳದ ಇಳುವರಿ ತಿಳಿಯಲು ಊರಿನ ಹೊಲವನ್ನೆಲ್ಲ ಕೊಯ್ದು ತೂಗುವುದಿಲ್ಲ. ಆರಿಸಿದ ಹೊಲದಲ್ಲಿ ಅಳೆದು ಗುರುತು ಹಾಕಿದ ಒಂದು ತುಂಡನ್ನು ಕೊಯ್ದು, ಒಣಗಿಸಿ, ತೂಗಿ ಲೆಕ್ಕ ಹಾಕುತ್ತಾರೆ. ಬದುವಿನ ಪಕ್ಕದ ಸಾಲುಗಳನ್ನು ಅದಕ್ಕೆ ಸೇರಿಸುವುದಿಲ್ಲ, ಏಕೆಂದರೆ ಅಂಚಿನ ಬೆಳೆ ಹೊಲದ ನಡುವಿನ ಬೆಳೆಯಂತೆ ಇರುವುದಿಲ್ಲ. ಹೆಣಿಗೆಯಲ್ಲೂ ಇದೇ ಕ್ರಮ ನಡೆಯುತ್ತದೆ.

ಮೇಲೆ ಹೇಳಿದ 20 ಹೊಲಿಗೆಯ ಮೇಲೆ 15 ಸಾಲು ಹೆಣೆದು ಒಂದು ತುಂಡು ಮಾಡಬೇಕು. ಆರಂಭಿಸಿದ ಹೊತ್ತು, ಮುಗಿದ ಹೊತ್ತು ಬರೆದಿಡಬೇಕು. ನಡುವೆ ಎದ್ದು ಹೋದರೆ ಆ ಹೊತ್ತನ್ನು ಕಳೆಯಬೇಕು. ತುಂಡನ್ನು ಎಳೆಯದೆ ಮೇಜಿನ ಮೇಲೆ ಹಾಸಿ, ಅಂಚು ಬಿಟ್ಟು, ನಡುಭಾಗದಲ್ಲಿ 10 ಸೆಂ.ಮೀ. ಅಗಲಕ್ಕೆ ಎಷ್ಟು ಹೊಲಿಗೆ, 10 ಸೆಂ.ಮೀ. ಎತ್ತರಕ್ಕೆ ಎಷ್ಟು ಸಾಲು ಎಂದು ಎಣಿಸಬೇಕು. ಆಮೇಲೆ ಇಡೀ ತುಂಡಿನ ಉದ್ದ ಅಗಲ ಅಳೆದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಬೇಕು. ಕಿರಾಣಿ ಅಂಗಡಿಯ ತಕ್ಕಡಿ ಇಷ್ಟು ಸಣ್ಣ ತೂಕಕ್ಕೆ ನಂಬಿಕೆಯದಲ್ಲ. ಕೊನೆಗೆ ತುಂಡನ್ನು ಒಗೆದು, ನೆರಳಲ್ಲಿ ಒಣಗಿಸಿ ಮತ್ತೆ ಅಳೆಯಬೇಕು. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಎಷ್ಟು ಕುಗ್ಗಿತು ಎಂಬುದು ಇದರಿಂದ ತಿಳಿಯುತ್ತದೆ.

ಒಂದು ಉದಾಹರಣೆ ನೋಡೋಣ. 10 ಸೆಂ.ಮೀ.ಗೆ 16 ಹೊಲಿಗೆ, 12 ಸಾಲು ಬಂದಿವೆ ಎಂದು ಹಿಡಿದರೆ ಮಾದರಿ ತುಂಡು ಎರಡೂ ಕಡೆ ಹನ್ನೆರಡೂವರೆ ಸೆಂ.ಮೀ. ಆಗುತ್ತದೆ, ವಿಸ್ತೀರ್ಣ ಸುಮಾರು 156 ಚದರ ಸೆಂ.ಮೀ. ಅದರ ತೂಕ 11 ಗ್ರಾಂ, ತಗಲಿದ ಹೊತ್ತು 50 ನಿಮಿಷ, ಒಗೆದ ಮೇಲೆ ಕುಗ್ಗಿದ್ದು ನೂರಕ್ಕೆ 5 ಎಂದಿಟ್ಟುಕೊಳ್ಳೋಣ. ಒಗೆದ ಮೇಲೂ 20 ಸೆಂ.ಮೀ. ಉಳಿಯಬೇಕಾದರೆ ಮಸಿಬಟ್ಟೆಯನ್ನು 21 ಸೆಂ.ಮೀ. ಚೌಕಕ್ಕೆ ಹೆಣೆಯಬೇಕು. ಅದಕ್ಕೆ 34 ಹೊಲಿಗೆ, ಅಂದರೆ 35 ಸರಪಣಿ, ಮತ್ತು 25 ಸಾಲು ಬೇಕಾಗುತ್ತವೆ. ವಿಸ್ತೀರ್ಣ 441 ಚದರ ಸೆಂ.ಮೀ. ಈ ಪ್ರಮಾಣದಲ್ಲಿ ದಾರ 31 ಗ್ರಾಂ. ತುದಿಗಳಿಗೆ ಒಂದು ಗ್ರಾಂ ಸೇರಿಸಿದರೆ 32. ನೂರು ಗ್ರಾಂ ಉಂಡೆಯಲ್ಲಿ ಮೂರು ಬಟ್ಟೆ ಆಗುತ್ತವೆ, ನಾಲ್ಕನೆಯದು ಆಗುವುದಿಲ್ಲ. ಹೊತ್ತು ಸುಮಾರು 2 ತಾಸು 20 ನಿಮಿಷ.

ಈ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ಕೈಯಿಂದ ಕೈಗೆ, ದಾರದಿಂದ ದಾರಕ್ಕೆ ಇವು ಬೇರೆಯಾಗುತ್ತವೆ. ಒಂದೇ ಸಂಘದ ಹತ್ತು ಮಂದಿ ಒಂದೇ ದಾರ, ಒಂದೇ ಸೂಜಿಯಿಂದ ಹೆಣೆದರೂ ಹತ್ತು ಅಳತೆ ಬರುತ್ತವೆ. ಆದ್ದರಿಂದ ಇನ್ನೊಬ್ಬರ ಲೆಕ್ಕ ನಂಬಿ ದಾರ ಕೊಳ್ಳಬಾರದು.

ಬೆಲೆ ಕಟ್ಟುವುದು

100 ಗ್ರಾಂ ದಾರಕ್ಕೆ 120 ರೂಪಾಯಿ ಎಂದು ಹಿಡಿದರೆ ಒಂದು ಬಟ್ಟೆಯ ದಾರದ ಖರ್ಚು 38 ರೂಪಾಯಿ. ಊರಿನಲ್ಲಿ ಎಂಟು ತಾಸಿನ ಹೊಲದ ಕೂಲಿ 400 ರೂಪಾಯಿ ಎಂದಾದರೆ ತಾಸಿಗೆ 50 ಬಿತ್ತು. 2 ತಾಸು 20 ನಿಮಿಷಕ್ಕೆ 117. ಒಟ್ಟು 155 ರೂಪಾಯಿ. ಓದುವವರು ತಮ್ಮೂರಿನ ಕೂಲಿ, ತಮ್ಮ ಅಂಗಡಿಯ ದರ ಹಾಕಿಕೊಂಡು ನೋಡಬೇಕು.

ಈಗ ಒಬ್ಬ ವ್ಯಾಪಾರಿ ಬಂದು ಬಟ್ಟೆಗೆ 60 ರೂಪಾಯಿಯಂತೆ ನೂರು ಬಟ್ಟೆ ಬೇಕು ಎನ್ನುತ್ತಾನೆ. ಒಟ್ಟಿಗೆ ಆರು ಸಾವಿರ ಬರುವ ಮಾತು, ಮನೆಯಲ್ಲಿ ಎಲ್ಲರಿಗೂ ಸಂತೋಷವಾಗುತ್ತದೆ. ಆದರೆ 60ರಲ್ಲಿ ದಾರದ 38 ಕಳೆದರೆ ಕೈಗೆ ಉಳಿಯುವುದು 22. ಅದಕ್ಕೆ ದುಡಿದದ್ದು 2 ತಾಸು 20 ನಿಮಿಷ. ತಾಸಿಗೆ ಸುಮಾರು ಒಂಬತ್ತೂವರೆ ರೂಪಾಯಿ. ಹೊಲದಲ್ಲಿ ಈ ಕೂಲಿಗೆ ಕಳೆ ತೆಗೆಯಲು ಯಾರೂ ಬಗ್ಗುವುದಿಲ್ಲ. ಕೈ ಪಳಗಿ ವೇಗ ಎರಡು ಪಟ್ಟಾದರೂ, ಅಂದರೆ 70 ನಿಮಿಷಕ್ಕೆ ಒಂದು ಬಟ್ಟೆಯಾದರೂ, ದಾರ ಮತ್ತು ಕೂಲಿ ಸೇರಿ 96 ರೂಪಾಯಿ ಆಗುತ್ತದೆ. ಆಗಲೂ 60 ಸಾಲದು. ಉರಿಯುವ ಒಲೆಯ ಮೇಲಿನ ಪಾತ್ರೆಗೆ ಎರಡು ಪದರ ಜೋಡಿಸಿ ಹೊಲಿದ ಬಟ್ಟೆಯೇ ಬೇಕು. ವ್ಯಾಪಾರಿ ಅದನ್ನು ಕೇಳಿದರೆ ದಾರವೂ ಹೊತ್ತೂ ಎರಡರಷ್ಟು ಎಂಬುದನ್ನು ಮೊದಲೇ ಹೇಳಬೇಕು.

ಮನೆ ಬಳಕೆಗೆ, ಮಗಳ ಮದುವೆಗೆ, ಬೇಸರ ಕಳೆಯಲು ಹೆಣೆಯುವವರಿಗೆ ಈ ಲೆಕ್ಕ ಬೇಡ. ಅವರ ಹೊತ್ತು ಅವರದು. ಮಾರಲಿಕ್ಕೆಂದು ಹೆಣೆಯುವವರು ಮಾತ್ರ ಮೊದಲು ಮಾದರಿ ತುಂಡು ಮಾಡಿ, ಲೆಕ್ಕ ಬರೆದು, ಆಮೇಲೆ ದರದ ಮಾತಾಡಬೇಕು. ವ್ಯಾಪಾರಿಯೇ ದಾರ ಕೊಡುವುದಾದರೆ ಎಷ್ಟು ಗ್ರಾಂ ಕೊಟ್ಟ, ಎಷ್ಟು ತೂಕದ ಬಟ್ಟೆ ಹಿಂದಿರುಗಿತು ಎಂಬುದನ್ನು ಇಬ್ಬರೂ ನೋಡಿ ಬರೆದಿಡಬೇಕು. ನಪಾಸು ಎಂದು ತೆಗೆದಿಡುವ ಬಟ್ಟೆಗೆ ಕಾರಣ ಏನು, ಅದರ ದಾರದ ಹಣ ಯಾರದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಎಲೆ ಕಡಿಮೆ ಬಿತ್ತೆಂದು, ಬೀಡಿ ಛಾಟವಾಯಿತೆಂದು ಮಜೂರಿ ಕಳೆದುಕೊಂಡವರಿಗೆ ಇದರ ಅರ್ಥ ತಿಳಿಯುತ್ತದೆ.

ಸ್ತ್ರೀಶಕ್ತಿ ಸಂಘಗಳಲ್ಲಿ ತರಬೇತಿ ನಡೆಸುವ ವಿಸ್ತರಣಾ ಕಾರ್ಯಕರ್ತರು ಸಾಮಾನ್ಯವಾಗಿ ಹೆಣಿಗೆ ಕಲಿಸಿ, ಪ್ರದರ್ಶನಕ್ಕಿಟ್ಟು, ಫೋಟೋ ತೆಗೆಸಿ ಮುಗಿಸುತ್ತಾರೆ. ತರಬೇತಿಯ ಕೊನೆಯ ದಿನವನ್ನು ಈ ಲೆಕ್ಕಕ್ಕೇ ಮೀಸಲಿಡುವುದು ಉತ್ತಮ. ಹಾಗೆ ಲೆಕ್ಕ ಹಾಕಿದ ಮೇಲೆ ಕೆಲವರು ಮಾರುವ ವಿಚಾರವನ್ನೇ ಬಿಟ್ಟರೆ ಅದನ್ನು ತರಬೇತಿಯ ಸೋಲೆಂದು ತಿಳಿಯಬೇಕಾಗಿಲ್ಲ.

ಸಿಂಬಿ

ಬೆಲೆ ಚೆನ್ನಾಗಿ ಬರುವುದು ಅಂಗಡಿಯಲ್ಲಿ ಅಗ್ಗಕ್ಕೆ ಸಿಗದ ವಸ್ತುವಿಗೆ. ಮಸಿಬಟ್ಟೆಗೆ ಹಳೆಯ ಅರಿವೆಯ ಚೂರೇ ಪೈಪೋಟಿ, ಅದರೊಡನೆ ಗೆಲ್ಲುವುದು ಕಷ್ಟ. ಇದೇ ಉಬ್ಬು ಹೆಣಿಗೆಯಿಂದ ತಲೆಯ ಮೇಲೆ ಕೊಡ, ಬುಟ್ಟಿ ಹೊರುವಾಗ ಇಡುವ ಸಿಂಬಿ ಮಾಡಬಹುದು. ಹಳೆಯ ಸೀರೆ ಸುತ್ತಿದ ಸಿಂಬಿ ನಡುದಾರಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಇದು ಬಿಚ್ಚುವುದಿಲ್ಲ. ಉಬ್ಬುಗಳಿಂದಾಗಿ ಕೊಡವೂ ಸುಲಭವಾಗಿ ಜಾರುವುದಿಲ್ಲ.

ಮೇಲಿನ ಅಳತೆಯ ಕೈಯಾದರೆ 17 ಸರಪಣಿ ಹಾಕಿ, 16 ಹೊಲಿಗೆಯ ಪಟ್ಟಿಯನ್ನು 40 ಸೆಂ.ಮೀ. ಉದ್ದ ಬರುವವರೆಗೆ ಹೆಣೆಯಬೇಕು. ಸುಮಾರು 48 ಸಾಲು ಆಗುತ್ತವೆ. ಮೆತ್ತನೆಯ ಹಳೆಯ ಹತ್ತಿ ಸೀರೆಯನ್ನು ಹಗ್ಗದಂತೆ ಹೊಸೆದು ಪಟ್ಟಿಯ ನಡುವೆ ಇಟ್ಟು, ಪಟ್ಟಿಯ ಎರಡು ಉದ್ದ ಅಂಚುಗಳನ್ನು ಕೂಡಿಸಿ ದಬ್ಬಣದಿಂದ ಹೊಲಿಯಬೇಕು. ಬಂದ ಕೊಳವೆಯನ್ನು ಉಂಗುರದಂತೆ ಬಗ್ಗಿಸಿ, ತುದಿಗೆ ತುದಿ ಸೇರಿಸಿ ಮತ್ತೆ ಹೊಲಿದರೆ ಸಿಂಬಿ ಸಿದ್ಧ. ತುಂಬುವ ಬಟ್ಟೆ ಸಡಿಲವಾದರೆ ವಾರದಲ್ಲೇ ಚಪ್ಪಟೆಯಾಗುವುದರಿಂದ ಬಿಗಿಯಾಗಿ ಹೊಸೆಯಬೇಕು. ಹೊಲಿಗೆ ಬಂದ ಬದಿಯನ್ನು ಉಂಗುರದ ಒಳಮಗ್ಗುಲಿಗೆ ತಿರುಗಿಸಿದರೆ ತಲೆಗೆ ಒತ್ತುವುದಿಲ್ಲ. ದಾರ ಹೆಚ್ಚುಕಡಿಮೆ ಮಸಿಬಟ್ಟೆಯಷ್ಟೇ ಹಿಡಿಯುತ್ತದೆ. ಹೊಲಿಯುವ ಹೊತ್ತನ್ನು ಬೇರೆ ಬರೆದಿಡಬೇಕು.

ಹಳದಿ, ಕೆಂಪು ದಾರದ ಸಿಂಬಿಗಳನ್ನು ಭಾರತ ಹುಣ್ಣಿಮೆಯ ಜಾತ್ರೆಗೆ ಒಯ್ಯಬೇಕೆನ್ನುವವರು ದೀಪಾವಳಿ ಕಳೆದೊಡನೆ ಹೆಣೆಯಲು ಕೂರಬೇಕಾಗುತ್ತದೆ. ದಿನಕ್ಕೆ ಒಂದು ತಾಸು ಸಿಕ್ಕರೆ ಮೂರು ದಿನಕ್ಕೆ ಒಂದು ಸಿಂಬಿ. ದೀಪಾವಳಿಯಿಂದ ಹುಣ್ಣಿಮೆಗೆ ಸುಮಾರು ಮೂರೂವರೆ ತಿಂಗಳು, ಅಂದರೆ ಒಬ್ಬರಿಂದ 35 ಸಿಂಬಿ. ಕೆಂಪು ದಾರವನ್ನು ಮೊದಲು ಉಪ್ಪುನೀರಿನಲ್ಲಿ ನೆನೆಸಿ, ಬಣ್ಣ ಬಿಡುತ್ತದೆಯೋ ಇಲ್ಲವೋ ನೋಡಿಯೇ ಹೆಣೆಯಬೇಕು. ಬೆವರಿಗೆ ಬಣ್ಣ ಬಿಟ್ಟರೆ ಕೊಂಡವರು ಮುಂದಿನ ವರ್ಷದ ಜಾತ್ರೆಯಲ್ಲಿ ಹುಡುಕಿಕೊಂಡು ಬರುತ್ತಾರೆ.